ಭುಜ ನೋವು: ಕೈ ಎತ್ತಲಾಗದಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆ

ಎರಡು ವರ್ಷದ ಹಿಂದೆ ದಸರೆಗೆ ಬೊಂಬೆ ಕೂರಿಸೋಣವೆಂದು ಅಟ್ಟದ ಮೇಲಿನ ಟ್ರಂಕು ಇಳಿಸುವಾಗ ನನ್ನ ಬಲ ಭುಜದೊಳಗೆ ಏನೋ ಚಳಕ್ಕೆಂದಿತು. ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಒಂದೇ ಕೈಯಲ್ಲಿ ಟ್ರಂಕಿನ ಹಿಡಿ ಜಗ್ಗಿದ್ದೆ. ಆಗ ಅಂಥ ನೋವೇನೂ ಇರಲಿಲ್ಲ. ಪಟ್ಟದ ಬೊಂಬೆ ಕೂರಿಸಿದ್ದೂ ಆಯಿತು, ಒಂಬತ್ತು ದಿನ ಬಂದವರಿಗೆಲ್ಲ ಉಸಲಿ ಹಂಚಿದ್ದೂ ಆಯಿತು. ದೀಪಾವಳಿ ಹೊತ್ತಿಗೆ ಬೆನ್ನ ಹಿಂದೆ ಹುಕ್ಕು ಹಾಕಿಕೊಳ್ಳಲು ಕೈ ಹೋಗುತ್ತಿರಲಿಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಬಲ ಮಗ್ಗುಲಿಗೆ ಹೊರಳಿದರೆ ಎದ್ದು ಕೂರುವಂತಾಗುತ್ತಿತ್ತು.

ನಮ್ಮತ್ತೆ ‘ವಾಯು ಹಿಡಿದಿದೆ’ ಅಂದರು. ಎದುರು ಮನೆಯವರು ‘ಶುಗರ್ ಇರೋರಿಗೆ ಇದು ಬರತ್ತೆ, ಫ್ರೋಜನ್ ಶೋಲ್ಡರ್’ ಅಂದರು. ಮಗ ಸೀದಾ ಎಂಆರ್‌ಐ ಮಾಡಿಸೋಣ ಅಂದ. ನಾನು ಇವರಲ್ಲಿ ಯಾರ ಮಾತನ್ನೂ ಕೇಳದೆ, ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿಕೊಂಡು ಮೂರು ತಿಂಗಳು ದೂಡಿದೆ. ಕೊನೆಗೆ ಫಿಸಿಯೋಥೆರಪಿಗೆ ಹೋದಾಗ ಅಲ್ಲಿದ್ದ ಚಿಕ್ಕ ಹುಡುಗಿ ಕೇಳಿದ್ದು ಒಂದೇ ಮಾತು: ‘ಆಂಟಿ, ನೋವಾಗತ್ತೆ ಅಂತ ಕೈ ಎತ್ತಲ್ವಾ, ಇಲ್ಲಾ ಎತ್ತೋಕೇ ಆಗಲ್ವಾ?’

‘ಎರಡೂ ಒಂದೇ ಅಲ್ವೇನಮ್ಮಾ?’

‘ಅಲ್ಲ ಆಂಟಿ. ಪೂರ್ತಿ ಬೇರೆ ಬೇರೆ.’

ಈ ಲೇಖನ ನಿಂತಿರುವುದು ಆ ವ್ಯತ್ಯಾಸದ ಮೇಲೆಯೇ. ನಾನು ವೈದ್ಯಳಲ್ಲ. ಮೂಳೆ ಡಾಕ್ಟರು ಮತ್ತು ಫಿಸಿಯೋ ಹೇಳಿಕೊಟ್ಟದ್ದನ್ನು, ಆಮೇಲೆ ನಾನೇ ಓದಿ ತಿಳಿದದ್ದನ್ನು, ನನ್ನಂತೆ ತಿಂಗಳುಗಟ್ಟಲೆ ಕಳೆಯುವವರಿಗಾಗಿ ಬರೆಯುತ್ತಿದ್ದೇನೆ.

ಒಂದು: ಇದು ಭುಜದ್ದೇ ನೋವೇ?

ಇದನ್ನು ಮೊದಲೇ ಮುಗಿಸಿಬಿಡಬೇಕು. ಎಡ ಭುಜ, ತೋಳು, ದವಡೆಯಲ್ಲಿ ಒತ್ತಿದಂಥ ನೋವು, ಜೊತೆಗೆ ಎದೆ ಭಾರ, ಬೆವರು, ಏದುಸಿರು, ವಾಕರಿಕೆ ಇದ್ದರೆ ಭುಜದ ಯೋಚನೆ ಬಿಡಿ. 108ಕ್ಕೆ ಫೋನ್ ಮಾಡಿ, ಬೆಂಗಳೂರಿನಲ್ಲಿದ್ದರೆ ಜಯದೇವ ಹೃದ್ರೋಗ ಆಸ್ಪತ್ರೆಯೋ ಹತ್ತಿರದ ಯಾವುದೇ ತುರ್ತು ಚಿಕಿತ್ಸಾ ವಿಭಾಗವೋ, ಅಲ್ಲಿಗೆ ಹೊರಡಿ. ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಗುರುತು ಹಿಡಿಯಲು ಒಂದು ಸುಳಿವಿದೆ: ಭುಜದ ಕಾಯಿಲೆ ಕೈ ಆಡಿಸಿದಾಗ ಹೆಚ್ಚಾಗುತ್ತದೆ, ಹೃದಯದ ನೋವು ಮೆಟ್ಟಿಲು ಹತ್ತಿದಾಗ ಹೆಚ್ಚಾಗುತ್ತದೆ. ಆದರೆ ಅನುಮಾನವಿದ್ದರೆ ಈ ಸುಳಿವನ್ನು ನಂಬಿ ಮನೆಯಲ್ಲಿ ಕೂರಬೇಡಿ.

ಜಿಡ್ಡಿನ ಊಟವಾದ ಮೇಲೆ ಬಲ ಹೆಗಲಿನ ಕಡೆ ನೋವು ಬಂದರೆ ಅದು ಪಿತ್ತಕೋಶದ ಕಲ್ಲಿನದ್ದೂ ಇರಬಹುದು. ಇನ್ನು ಕುತ್ತಿಗೆ. ನೋವು ಮೊಣಕೈ ದಾಟಿ ಬೆರಳಿನವರೆಗೆ ಇಳಿಯುತ್ತಿದ್ದರೆ, ಜುಮುಜುಮು ಎನ್ನುತ್ತಿದ್ದರೆ, ಕುತ್ತಿಗೆ ತಿರುಗಿಸಿದಾಗ ಕೈಗೆ ಕರೆಂಟ್ ಹೊಡೆದಂತಾಗುತ್ತಿದ್ದರೆ ತೊಂದರೆ ಇರುವುದು ಕುತ್ತಿಗೆಯ ನರದಲ್ಲಿ. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳ ಕೂಟಕ್ಕೆ ರೋಟೇಟರ್ ಕಫ್ ಎನ್ನುತ್ತಾರೆ; ಅದರ ನೋವು ಸಾಮಾನ್ಯವಾಗಿ ಕೂರುವುದು ತೋಳಿನ ಹೊರಮಗ್ಗುಲಿನಲ್ಲಿ, ದೊಡ್ಡವರಿಗೆ ಕೋವಿಡ್ ಲಸಿಕೆ ಚುಚ್ಚಿದರಲ್ಲ, ಆ ಜಾಗದಲ್ಲಿ. ಮೊಣಕೈಯಿಂದ ಕೆಳಗೆ ಅದು ಇಳಿಯುವುದು ಅಪರೂಪ.

ಬೈಕಿನಿಂದ ಬಿದ್ದು ಭುಜದ ಗುಂಡು ಆಕಾರವೇ ಹೋಗಿ ಚಪ್ಪಟೆಯಾಗಿದ್ದರೆ ಕೀಲು ತಪ್ಪಿದೆ ಎಂದರ್ಥ. ಎಳೆದು ಕೂರಿಸುತ್ತೇನೆ ಎಂದು ಬರುವವರ ಕೈಗೆ ತೋಳು ಕೊಡಬೇಡಿ, ನರವೂ ರಕ್ತನಾಳವೂ ಅಲ್ಲೇ ಹಾದುಹೋಗಿವೆ. ಭುಜ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಭುಜದಲ್ಲಿ ಗಂಟು ಕಂಡರೆ, ಕ್ಯಾನ್ಸರ್ ಆಗಿ ಗುಣವಾದವರಿಗೆ ಹೊಸದಾಗಿ ಮೂಳೆ ನೋವು ಶುರುವಾದರೆ ಅದನ್ನೂ ಮುಂದೂಡಬಾರದು.

ಎರಡು: ಒಳಗೇನಿದೆ

ಸೊಂಟದ ಕೀಲು ಒರಳಿನೊಳಗೆ ಗುಂಡು ಕೂತಂತೆ, ಆಳವಾಗಿ, ಭದ್ರವಾಗಿದೆ. ಭುಜ ಹಾಗಲ್ಲ. ಹಣತೆಯ ಮೇಲೆ ನಿಂಬೆಹಣ್ಣು ಇಟ್ಟಂತೆ. ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಕೈಯನ್ನು ಮುಂದೆ, ಹಿಂದೆ, ಮೇಲೆ, ಬೆನ್ನ ಹಿಂದೆ, ಬೇಕಾದ ಕಡೆ ಒಯ್ಯಬಹುದಾದ ಸ್ವಾತಂತ್ರ್ಯಕ್ಕೆ ನಾವು ತೆತ್ತಿರುವ ಬೆಲೆ ಈ ಅಭದ್ರತೆ.

ಆ ನಿಂಬೆಹಣ್ಣು ಉರುಳದಂತೆ ಮೂರು ಕಡೆಯಿಂದ ಹಿಡಿದಿರುವ ನಾಲ್ಕು ಸ್ನಾಯುಗಳ ಕೂಟವೇ ರೋಟೇಟರ್ ಕಫ್. ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್, ಮುಂದೆ ಸಬ್‌ಸ್ಕ್ಯಾಪ್ಯುಲಾರಿಸ್. ನಾಲ್ಕೂ ಬೆನ್ನಿನ ರೆಕ್ಕೆ ಮೂಳೆಯಿಂದ ಹೊರಟು, ತುದಿಯಲ್ಲಿ ಚಪ್ಪಟೆ ಹುರಿಯಂತಾಗಿ ತೋಳಿನ ಮೂಳೆಯ ತಲೆಗೆ ಸುತ್ತ ಅಂಟಿಕೊಳ್ಳುತ್ತವೆ. ಅಂಗಿಯ ತೋಳಿನ ಕೊನೆಗಿರುವ ಪಟ್ಟಿಗೂ ಕಫ್ ಎನ್ನುತ್ತಾರಲ್ಲ, ಅದೇ ಹೋಲಿಕೆಯಿಂದ ಬಂದ ಹೆಸರು. ಸ್ನಾಯುವನ್ನು ಮೂಳೆಗೆ ಅಂಟಿಸುವ ಆ ಹುರಿಗೆ ಡಾಕ್ಟರುಗಳು ಟೆಂಡನ್ ಎನ್ನುತ್ತಾರೆ. ಸವೆಯುವುದೂ ಹರಿಯುವುದೂ ಹೆಚ್ಚಾಗಿ ಅದೇ, ಅದರಲ್ಲೂ ಮೇಲಿರುವ ಸುಪ್ರಾಸ್ಪೈನೇಟಸ್‌ನದು.

ಕೈ ಎತ್ತುವ ದೊಡ್ಡ ಬಲ ಹೊರಗಿನ ಡೆಲ್ಟಾಯ್ಡ್ ಸ್ನಾಯುವಿನದು. ಆದರೆ ಅದು ಒಂದೇ ಎಳೆದರೆ ಗುಂಡು ಮೇಲಕ್ಕೆ ಜಾರಿ ಭುಜದ ಚಾವಣಿ ಮೂಳೆಗೆ ಬಡಿಯುತ್ತದೆ. ಕಫ್ ಅದನ್ನು ಕೆಳಕ್ಕೆ ಒತ್ತಿ, ಗುಳಿಯ ನಡುವೆಯೇ ಇರುವಂತೆ ಹಿಡಿಯುತ್ತದೆ. ಅಂದರೆ ಕಫ್‌ನ ಕೆಲಸ ಭಾರ ಹೊರುವುದಕ್ಕಿಂತ ಹೆಚ್ಚಾಗಿ ಹದ ಕಾಯುವುದು. ಮುಂದೆ ವ್ಯಾಯಾಮದ ಮಾತು ಬಂದಾಗ ಅದು ಏಕೆ ಅಷ್ಟು ಚಿಕ್ಕಚಿಕ್ಕ ಚಲನೆಗಳಿಂದ ಕೂಡಿದೆ ಎನ್ನುವುದಕ್ಕೆ ಉತ್ತರ ಇಲ್ಲಿದೆ.

ಮೂರು: ಕನ್ನಡಿಯ ಮುಂದೆ ನಿಂತು ಕೇಳಿ — ನೋವೋ, ಬಿಗಿತವೋ, ಬಲವಿಲ್ಲವೋ

ಮನೆಯಲ್ಲಿ ಇನ್ನೊಬ್ಬರಿದ್ದರೆ ಕರೆದುಕೊಳ್ಳಿ, ಐದು ನಿಮಿಷದ ಕೆಲಸ. ಮೊದಲು ಸರಿ ಇರುವ ಕೈಯಲ್ಲಿ ಮಾಡಿ ನೋಡಿ, ಆಮೇಲೆ ನೋವಿನ ಕೈ.

ಕೈಯನ್ನು ಪಕ್ಕದಿಂದ ನಿಧಾನ ಮೇಲೆತ್ತಿ. ಕೆಳಗಿರುವಾಗ ನೋವಿಲ್ಲ, ನಡುವಿನಲ್ಲಿ, ಅಂದಾಜು 60 ಡಿಗ್ರಿಯಿಂದ 120 ಡಿಗ್ರಿಯೊಳಗೆ ಚುಚ್ಚುತ್ತದೆ, ಅದನ್ನು ದಾಟಿದರೆ ಮತ್ತೆ ಹಗುರ. ಹೀಗಿದ್ದರೆ ಕಫ್‌ನ ಮೇಲ್ಭಾಗ, ಅದರ ಮೇಲಿರುವ ಬರ್ಸಾ ಎಂಬ ದಿಂಬಿನಂಥ ಚೀಲ, ಇವು ಕೆರಳಿರುವ ಸಾಧ್ಯತೆ ಹೆಚ್ಚು. ಇದು ನೋವಿನ ಗುಂಪು.

ಈಗ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, 90 ಡಿಗ್ರಿಗೆ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಎರಡು ಕೈ ಹೋಲಿಸಿ. ನೋವಿನ ಕೈ ಕಡಿಮೆ ತೆರೆದುಕೊಂಡರೆ, ಅದನ್ನೇ ಇನ್ನೊಬ್ಬರು ಮೆಲ್ಲಗೆ ತಿರುಗಿಸಲಿ. ಅವರು ತಿರುಗಿಸಿದಾಗಲೂ ಅಲ್ಲೇ ಗೋಡೆಗೆ ತಾಗಿದಂತೆ ನಿಂತುಬಿಟ್ಟರೆ ಅದು ಬಿಗಿತ. ಎದುರು ಮನೆಯವರು ಹೇಳಿದ ಫ್ರೋಜನ್ ಶೋಲ್ಡರ್ ಇರುವುದು ಇಲ್ಲಿ. (ಮೂಳೆ ಸವೆತದಲ್ಲೂ ಹೀಗಾಗುತ್ತದೆ, ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ.) ಫ್ರೋಜನ್ ಶೋಲ್ಡರ್‌ನಲ್ಲಿ ಹುರಿ ಹರಿದಿರುವುದಿಲ್ಲ, ಕೀಲಿನ ಸುತ್ತಲಿನ ಹೊದಿಕೆಯೇ ಊತದಿಂದ ದಪ್ಪವಾಗಿ ಕುಗ್ಗಿರುತ್ತದೆ. 40ರಿಂದ 60ರ ವಯಸ್ಸಿನಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ತೊಂದರೆ ಇರುವವರಲ್ಲಿ ಹೆಚ್ಚು. 1934ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಕೊಟ್ಟ ಹೆಸರಿದು. ಮೊದಲು ವಿಪರೀತ ನೋವು, ಆಮೇಲೆ ನೋವು ಕಡಿಮೆಯಾಗಿ ಬಿಗಿತ, ಕೊನೆಗೆ ನಿಧಾನ ಸಡಿಲ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯುವುದುಂಟು.

ಮೂರನೆಯದು ಬಲ. ಅದೇ ಭಂಗಿಯಲ್ಲಿ, ಮೊಣಕೈ ಪಕ್ಕೆಗೆ, ಮುಂಗೈಯನ್ನು ಹೊರಕ್ಕೆ ಒತ್ತಿ, ಇನ್ನೊಬ್ಬರು ತಡೆಯಲಿ. ನೋವಿಲ್ಲದಿದ್ದರೂ ಕೈ ಸೋತು ಒಳಕ್ಕೆ ಬಂದರೆ ಗಮನಿಸಿ. ಇನ್ನೊಬ್ಬರು ನಿಮ್ಮ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ಬಿಟ್ಟಾಗ ನಿಧಾನ ಇಳಿಸಲಾಗದೆ ದೊಪ್ಪನೆ ಬಿದ್ದರೆ, ಅಥವಾ ಅವರು ಎತ್ತಿದರೆ ಪೂರ್ತಿ ಮೇಲೆ ಹೋಗುವ ಕೈಯನ್ನು ನೀವೇ ಎತ್ತಲು ಹೋದರೆ ಹೆಗಲು ಮಾತ್ರ ಕಿವಿಯ ಕಡೆ ಏರಿ ಕೈ ಏಳದಿದ್ದರೆ, ಹುರಿ ಹರಿದಿರಬಹುದು. ಬಿದ್ದ ಮೇಲೆಯೋ, ಭಾರ ಎಳೆದ ಮೇಲೆಯೋ ಹೀಗೆ ದಿಢೀರನೆ ಬಲ ಹೋದವರು ವಾರದೊಳಗೆ ಮೂಳೆ ತಜ್ಞರನ್ನು ಕಾಣಬೇಕು. 40 ದಾಟಿದವರ ಭುಜದ ಕೀಲು ತಪ್ಪಿ ಕೂರಿಸಿದ ಮೇಲೂ ಕೈ ಏಳದಿದ್ದರೆ ಹೀಗೇ. ಪೂರ್ತಿ ಹರಿದ ಹುರಿ ತಿಂಗಳುಗಳು ಕಳೆದಂತೆ ಹಿಂದಕ್ಕೆ ಸರಿಯುತ್ತದೆ, ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ. ಆಗ ಹೊಲಿಯಲು ಎಳೆದರೂ ನಿಲುಕುವುದಿಲ್ಲ.

ನನಗೆ ಮೊದಲನೆಯದು ಇತ್ತು, ಎರಡನೆಯದರ ಸುಳಿವು ಶುರುವಾಗಿತ್ತು. ನೋವೆಂದು ಮೂರು ತಿಂಗಳು ಕೈಯನ್ನು ಹೊಟ್ಟೆಗೆ ಅಪ್ಪಿಕೊಂಡು ಓಡಾಡಿದ್ದರ ಫಲ ಎಂದು ಆ ಹುಡುಗಿ ಮೆತ್ತಗೆ ಬೈದಳು.

ಮೂರೂ ಬೆರೆತಿರುವುದೂ ಉಂಟು. ನೋವು ಜಾಸ್ತಿ ಇದ್ದಾಗ ಬಲ ಪರೀಕ್ಷೆ ಸುಳ್ಳು ಹೇಳುತ್ತದೆ, ನೋವಿಗೆ ಹೆದರಿ ಕೈ ತಾನೇ ಬಿಟ್ಟುಕೊಡುತ್ತದೆ. ಆದ್ದರಿಂದ ಇದು ಡಾಕ್ಟರ ಹತ್ತಿರ ಸರಿಯಾಗಿ ಹೇಳಿಕೊಳ್ಳಲು ಸಿದ್ಧತೆಯಷ್ಟೇ. ‘ಭುಜ ನೋವು ಡಾಕ್ಟ್ರೇ’ ಎನ್ನುವುದಕ್ಕೂ, ‘ಎತ್ತುವಾಗ ನಡುವಿನಲ್ಲಿ ಚುಚ್ಚುತ್ತೆ, ಹೊರಕ್ಕೆ ಪೂರ್ತಿ ತಿರುಗುತ್ತೆ, ಬಲ ಇದೆ’ ಎನ್ನುವುದಕ್ಕೂ ಅಜಗಜಾಂತರ. ಎರಡು ನಿಮಿಷದ ಸರತಿಯಲ್ಲಿ ಎರಡನೆಯದೇ ಕೆಲಸಕ್ಕೆ ಬರುವುದು.

ನಾಲ್ಕು: ಮೊದಲ ಎರಡು ವಾರ

ಬಲ ಹೋಗಿಲ್ಲ, ಅಪಾಯದ ಲಕ್ಷಣವಿಲ್ಲ ಎಂದಾದರೆ ಎರಡು ವಾರ ಮನೆಯಲ್ಲೇ ನೋಡಿಕೊಳ್ಳಬಹುದು. ಕೈಯನ್ನು ಜೋಳಿಗೆ ಕಟ್ಟಿ ತೂಗುಹಾಕಬೇಡಿ. ಬಿಗಿತಕ್ಕೆ ಅದೇ ರಾಜಮಾರ್ಗ. ಕೆರಳಿಸುವ ಕೆಲಸ ಬಿಡಿ, ಉಳಿದದ್ದಕ್ಕೆ ಕೈ ಬಳಸಿ.

ಕೆರಳಿಸುವ ಕೆಲಸ ಯಾವುದು? ಭುಜಕ್ಕಿಂತ ಮೇಲೆ ಕೈ ಎತ್ತುವುದು, ಮೈಯಿಂದ ದೂರ ಚಾಚಿ ಭಾರ ಹಿಡಿಯುವುದು, ಕೈಯನ್ನು ಹಿಂದಕ್ಕೆ ಒಯ್ಯುವುದು. ಬೆಂಗಳೂರಿನ ಬದುಕಿನಲ್ಲಿ ಈ ಮೂರೂ ಹೆಜ್ಜೆಹೆಜ್ಜೆಗೆ. ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿಗೆ ಜೋತುಬಿದ್ದಾಗ ಡ್ರೈವರ್ ಬ್ರೇಕ್ ಹಾಕಿದರೆ ಇಡೀ ಮೈ ಭಾರ ಭುಜದ ಮೇಲೆ ಬರುತ್ತದೆ. ಒಳ್ಳೆಯ ಕೈಯಲ್ಲಿ ಸೀಟಿನ ಪಕ್ಕದ ನಿಲುಗಂಬ ಹಿಡಿಯಿರಿ. ಕಾರಿನಲ್ಲಿ ಕೂತು ಹಿಂದಿನ ಸೀಟಿನ ಬ್ಯಾಗು ಎಳೆಯುವುದು ಕಫ್‌ಗೆ ಅತಿ ಕೆಟ್ಟ ಭಂಗಿ. ಇಳಿದು, ಹಿಂದಿನ ಬಾಗಿಲು ತೆಗೆದು ತೆಗೆದುಕೊಳ್ಳಿ. ಟೆರೇಸಿನ ತಂತಿಯ ಮೇಲೆ ಒದ್ದೆ ಬೆಡ್‌ಶೀಟ್ ಎಸೆಯುವ ಬದಲು ಬಾಲ್ಕನಿಯ ಮಡಚುವ ಸ್ಟ್ಯಾಂಡ್ ಸಾಕು. ದಿನಾ ಬೇಕಾಗುವ ಡಬ್ಬಿಗಳು ಸೊಂಟದಿಂದ ಎದೆಯ ಎತ್ತರದೊಳಗೆ ಬರಲಿ. ನಮ್ಮ ಮನೆಯ ಬೊಂಬೆ ಟ್ರಂಕು ಈಗ ಮಂಚದ ಕೆಳಗಿದೆ. ಅತ್ತೆಗೆ ಅದು ಸರಿಬಂದಿಲ್ಲ, ದೇವರ ಬೊಂಬೆ ಕಾಲ ಕೆಳಗೆ ಇಡುವುದಾ ಎಂದು. ಟ್ರಂಕಿನ ಮೇಲೆ ರೇಷ್ಮೆ ಬಟ್ಟೆ ಹೊದಿಸಿ ರಾಜಿಯಾಗಿದ್ದೇವೆ.

ಅಂಗಿ, ರವಿಕೆ ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಇಷ್ಟು ಸಣ್ಣ ವಿಷಯ ನನಗೆ ಮೂರು ತಿಂಗಳು ಹೊಳೆದಿರಲಿಲ್ಲ.

ನಿದ್ದೆ ಹೋದರೆ ನೋವು ಇಮ್ಮಡಿ. ಅಂಗಾತ ಮಲಗಿ, ನೋವಿನ ಕಡೆಯ ಮೊಣಕೈ ಕೆಳಗೆ ಒಂದು ದಿಂಬಿಟ್ಟು ಕೈ ಹಾಸಿಗೆಗಿಂತ ತುಸು ಎತ್ತರದಲ್ಲಿರುವಂತೆ ಮಾಡಿಕೊಳ್ಳಿ. ಮಗ್ಗುಲಾಗಲೇಬೇಕಿದ್ದರೆ ಒಳ್ಳೆಯ ಮಗ್ಗುಲಿಗೆ ತಿರುಗಿ, ಎದೆಗೆ ದಪ್ಪ ದಿಂಬು ಅಪ್ಪಿಕೊಂಡು ನೋವಿನ ಕೈಯನ್ನು ಅದರ ಮೇಲೆ ಚಾಚಿ. ತಲೆಯ ಮೇಲೆ ಕೈಯಿಟ್ಟು ಮಲಗುವ ಅಭ್ಯಾಸವಿದ್ದವರು ಅದನ್ನು ಬಿಡಬೇಕು.

ತಣ್ಣನೆಯದೋ ಬಿಸಿಯೋ ಎಂದು ಬಹಳ ವಾದ. ಹೊಸ ಪೆಟ್ಟಾದರೆ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ. ಹಳೆಯ ನೋವು, ಬಿಗಿತವಾದರೆ ಬಿಸಿನೀರಿನ ಚೀಲ. ಹಾಯೆನಿಸುವುದನ್ನು ಮಾಡಿ, ಎರಡೂ ಹುರಿಯನ್ನು ಗುಣಪಡಿಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಚರ್ಮಕ್ಕೆ ಸ್ಪರ್ಶ ಕಡಿಮೆಯಾಗಿರುವವರು ಬಿಸಿಯ ಹದವನ್ನು ಮನೆಯವರ ಕೈಯಲ್ಲಿ ನೋಡಿಸಿಕೊಳ್ಳಿ. ಎಣ್ಣೆ ಹಚ್ಚಿ ಮೆತ್ತಗೆ ನೀವಿದರೆ ತಪ್ಪಿಲ್ಲ. ಕೈ ತಿರುಚಿ ‘ಲಟಕ್’ ಅನ್ನಿಸಿಕೊಳ್ಳುವುದು ಬೇಡ, ನಾನು ಅದಕ್ಕೆ ಹೋಗಿ ಒಂದು ವಾರ ಮಲಗಿದ್ದೇನೆ.

ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯವನ್ನು ಮೆಡಿಕಲ್ ಸ್ಟೋರಿನಲ್ಲಿ ‘ನೋವಿಗೆ ಒಂದು ಕೊಡಿ’ ಎಂದು ತಂದು ವಾರಗಟ್ಟಲೆ ನುಂಗುವವರು ನಮ್ಮಲ್ಲಿ ಬಹಳ. ಬಿಪಿ, ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅವು ಅಪಾಯ. ಪ್ಯಾರಾಸಿಟಮಾಲ್ ಅವಕ್ಕಿಂತ ಕ್ಷೇಮ, ಅದೂ ಮಿತಿಯಲ್ಲಿ. ಇನ್ನುಳಿದದ್ದು ಡಾಕ್ಟರನ್ನು ಕೇಳಿ.

ಐದು: ಯಾರ ಹತ್ತಿರ ಹೋಗುವುದು, ಯಾವ ಸ್ಕ್ಯಾನ್ ಮಾಡಿಸುವುದು

ಎರಡು ಮೂರು ವಾರದಲ್ಲಿ ನೋವು ಇಳಿಮುಖವಾಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಖಾಸಗಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಜಯನಗರದ ಕಡೆ ಬೈರಸಂದ್ರದಲ್ಲಿರುವ ಸಂಜಯ್ ಗಾಂಧಿ ಸಂಸ್ಥೆ ಇರುವುದೇ ಅಪಘಾತ ಮತ್ತು ಮೂಳೆ ಚಿಕಿತ್ಸೆಗೆ. ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್‌ಗಳಲ್ಲೂ ಮೂಳೆ ವಿಭಾಗವಿದೆ, ಇಎಸ್‌ಐ ಕಾರ್ಡಿದ್ದವರಿಗೆ ರಾಜಾಜಿನಗರವಿದೆ. ಬೆಳಿಗ್ಗೆ ಬೇಗ ಹೋಗಿ, ಹಳೆಯ ಚೀಟಿ, ಇತ್ತೀಚಿನ ಸಕ್ಕರೆ ವರದಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ತೋಳಿಲ್ಲದ ಅಥವಾ ಸುಲಭವಾಗಿ ಬಿಚ್ಚಬಹುದಾದ ಬಟ್ಟೆ ಹಾಕಿಕೊಂಡು ಹೋದರೆ ಪರೀಕ್ಷೆ ಸರಿಯಾಗಿ ಆಗುತ್ತದೆ. ಬಟ್ಟೆ ಸರಿಸದೆ, ಕೈ ಎತ್ತಿಸಿ ನೋಡದೆ, ನೇರ ಸ್ಕ್ಯಾನ್ ಬರೆದವರ ಹತ್ತಿರ ನಾನು ಎರಡನೇ ಸಲ ಹೋಗಲಿಲ್ಲ.

ಎಕ್ಸ್‌ರೇಯಲ್ಲಿ ಹುರಿ ಕಾಣುವುದಿಲ್ಲ. ಆದರೂ ಅದು ಬೇಕು: ಮೂಳೆ ಸವೆತ, ಬಿರುಕು, ಹುರಿಯೊಳಗೆ ಕೂತ ಸುಣ್ಣದ ಕಣ, ಇವು ಗೊತ್ತಾಗುತ್ತವೆ. ಸುಣ್ಣ ಕೂತಿದ್ದರೆ ಒಂದೇ ರಾತ್ರಿಯಲ್ಲಿ ಕೈ ಅಲ್ಲಾಡಿಸಲಾಗದಂಥ ನೋವು ಬರಬಹುದು. ಹುರಿ ಹರಿದಿದೆಯೇ ಎಂದು ನೋಡಲು ಅನುಭವಸ್ಥರು ಮಾಡಿದ ಅಲ್ಟ್ರಾಸೌಂಡ್ ಸಾಕಾಗುವುದುಂಟು, ಖರ್ಚೂ ಕಡಿಮೆ. ಎಂಆರ್‌ಐ ಬೇಕಾಗುವುದು ಪೆಟ್ಟಿನಿಂದ ಬಲ ಹೋದವರಿಗೆ, ವ್ಯಾಯಾಮ ಮಾಡಿಯೂ ಗುಣ ಕಾಣದವರಿಗೆ, ಆಪರೇಷನ್ ಯೋಚನೆಯಲ್ಲಿರುವವರಿಗೆ.

ಎಂಆರ್‌ಐ ವರದಿ ಕೈಗೆ ಬಂದಾಗ ಗಾಬರಿಯಾಗಬೇಡಿ. ‘ಡಿಜೆನರೇಟಿವ್’ (ಸವೆದಿದೆ), ‘ಟೆಂಡಿನೋಸಿಸ್’ (ಹುರಿ ಹಳತಾಗಿದೆ), ‘ಪಾರ್ಶಿಯಲ್ ಟೇರ್’ (ಅರೆಬರೆ ಹರಿದಿದೆ) ಎಂಬ ಪದಗಳು 50 ದಾಟಿದ ಹೆಚ್ಚಿನವರ ವರದಿಯಲ್ಲಿ ಒಂದಲ್ಲ ಒಂದು ರೂಪದಲ್ಲಿ ಇರುತ್ತವೆ. ತಲೆಗೂದಲು ನರೆತಂತೆ ಹುರಿಯೂ ಹಳತಾಗುತ್ತದೆ. 60 ದಾಟಿದವರಲ್ಲಿ ಎಂದೂ ನೋವೇ ಕಾಣದ ಭುಜದಲ್ಲೂ ಹರಿದ ಹುರಿ ಸಿಗುವುದು ಮಾಮೂಲು. ನೋವಿಲ್ಲದ ಇನ್ನೊಂದು ಭುಜದ ಎಂಆರ್‌ಐ ಮಾಡಿಸಿದ್ದರೆ ಅಲ್ಲೂ ಅಂಥದೇ ಏನಾದರೂ ಸಿಗುತ್ತಿತ್ತೇನೋ. ಚಿಕಿತ್ಸೆ ಬೇಕಿರುವುದು ನಿಮ್ಮ ಕೈಗೆ, ಫಿಲ್ಮಿಗಲ್ಲ.

ಆರು: ಹನ್ನೆರಡು ವಾರದ ವ್ಯಾಯಾಮ

ಪೆಟ್ಟಿಲ್ಲದೆ, ವಯಸ್ಸಿನಿಂದ ಸವೆದು ಪೂರ್ತಿ ಹರಿದ ಹುರಿಯವರಿಗೂ ವ್ಯಾಯಾಮ ಕೆಲಸ ಮಾಡುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅಂಥ ನಾಲ್ಕು ನೂರಕ್ಕೂ ಹೆಚ್ಚು ಜನರಿಗೆ ಫಿಸಿಯೋಥೆರಪಿ ಮಾಡಿಸಿ ಎರಡು ವರ್ಷ ನೋಡಿದಾಗ ಆಪರೇಷನ್‌ಗೆ ಹೋದವರು ನಾಲ್ಕರಲ್ಲಿ ಒಬ್ಬರಷ್ಟೇ. ಹರಿದ ಹುರಿ ವ್ಯಾಯಾಮದಿಂದ ಕೂಡಿಕೊಳ್ಳುವುದಿಲ್ಲ, ನಿಜ. ಉಳಿದ ಸ್ನಾಯುಗಳು ಅದರ ಪಾಲಿನ ಕೆಲಸವನ್ನೂ ಕಲಿತುಕೊಳ್ಳುತ್ತವೆ.

ಕೆಳಗಿನದು ನನಗೆ ಹೇಳಿಕೊಟ್ಟ ಕ್ರಮ. ನಿಮ್ಮ ಫಿಸಿಯೋ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಅಳತೆಗೋಲು ಇದು: ಸೊನ್ನೆಯಿಂದ ಹತ್ತರಲ್ಲಿ ನೋವು ಮೂರು ನಾಲ್ಕರವರೆಗೆ ಬಂದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಹೆಚ್ಚಾಯಿತು ಎಂದರ್ಥ, ನಿಲ್ಲಿಸಬೇಡಿ, ಕಡಿಮೆ ಮಾಡಿ.

ಮೊದಲೆರಡು ವಾರ ಚಲನೆ ಮಾತ್ರ. ಡೈನಿಂಗ್ ಟೇಬಲ್ಲಿಗೆ ಒಳ್ಳೆಯ ಕೈ ಊರಿ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ಬಾವಿಗೆ ಬಿಟ್ಟ ಬಿಂದಿಗೆಯಂತೆ ಸಡಿಲ ಬಿಡಿ. ಮೈ ತೂಗಿದರೆ ಕೈ ತಾನಾಗಿ ತೂಗುತ್ತದೆ, ಕೈಯನ್ನು ನೀವು ಬೀಸಬಾರದು. ಒಂದು ನಿಮಿಷ, ದಿನಕ್ಕೆ ಮೂರು ಸಲ. ಇದಕ್ಕೆ ಅದೇ ಕಾಡ್‌ಮನ್ ಹೆಸರೇ ಇದೆ. ಆಮೇಲೆ ಟೇಬಲ್ಲಿನ ಮೇಲೆ ಒಂದು ಬಟ್ಟೆ ಹಾಕಿ, ಅದರ ಮೇಲೆ ಎರಡೂ ಅಂಗೈ ಇಟ್ಟು, ಟೇಬಲ್ ಒರೆಸುವ ಹಾಗೆ ಮುಂದಕ್ಕೆ ಜಾರಿಸಿ, ಎದೆಯೂ ಜೊತೆಗೆ ಬಾಗಲಿ. ಹತ್ತು ಸಲ. ಬಿಗಿತ ಇರುವವರಿಗೆ ಇನ್ನೊಂದು: ಅಂಗಾತ ಮಲಗಿ ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಒಳ್ಳೆಯ ಕೈಯಿಂದ ಕೋಲು ನೂಕಿ ನೋವಿನ ಮುಂಗೈಯನ್ನು ಹೊರಕ್ಕೆ ತೆರೆಯಿರಿ. ಬಟ್ಟೆ ಎತ್ತುವ ಕೋಲೇ ಆಗುತ್ತದೆ.

ಮೂರನೇ ವಾರದಿಂದ ಕದಲದೆ ಒತ್ತುವುದು. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಮೊಣಕೈ ಮಡಚಿ, ಮುಂಗೈಯ ಹಿಂಭಾಗವನ್ನು ಚೌಕಟ್ಟಿಗೆ ಒತ್ತಿ. ಅರ್ಧ ಬಲ, ಹತ್ತು ಸೆಕೆಂಡು, ಐದು ಸಲ. ತಿರುಗಿ ನಿಂತು ಅಂಗೈ ಕಡೆಯಿಂದಲೂ ಹಾಗೇ. ಕೈ ಒಂದಿಷ್ಟೂ ಚಲಿಸುವುದಿಲ್ಲವಾದ್ದರಿಂದ ಇದೊಂದು ವ್ಯಾಯಾಮವೇ ಎನ್ನಿಸುತ್ತದೆ, ಆದರೆ ನನಗೆ ರಾತ್ರಿ ನೋವು ಮೊದಲು ಇಳಿದದ್ದು ಇದರಿಂದಲೇ. ಜೊತೆಗೆ ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಎಳೆದು ಐದು ಸೆಕೆಂಡು ಹಿಡಿದು ಬಿಡಿ. ಲ್ಯಾಪ್‌ಟಾಪಿನ ಮುಂದೆ ಹೆಗಲು ಕುಗ್ಗಿಸಿ ಕೂರುವವರು ಗಂಟೆಗೊಮ್ಮೆ ಮಾಡಬಹುದು, ಮೀಟಿಂಗಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

ಐದಾರನೇ ವಾರದಿಂದ ರಬ್ಬರ್ ಪಟ್ಟಿ. ಕಿಟಕಿಯ ಕಂಬಿಗೆ ಕಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವಲ್ ಇಟ್ಟು, ಮುಂಗೈಯನ್ನು ನಿಧಾನ ಹೊರಕ್ಕೆ ಎಳೆದು ಅದಕ್ಕಿಂತ ನಿಧಾನ ಹಿಂದಕ್ಕೆ ತನ್ನಿ. ಟವಲ್ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿತು, ಬೇರೆ ಸ್ನಾಯು ಮೋಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಹತ್ತರಿಂದ ಹದಿನೈದು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಹಿಂದಕ್ಕೆ ತರುವ ನಿಧಾನವೇ ಇದರ ಜೀವ. ಗೋಡೆಗೆ ಬೆರಳುಗಳಿಂದ ನಡೆಸುತ್ತಾ ಕೈ ಏರಿಸುವುದೂ ಈ ಹೊತ್ತಿಗೆ ಸುಲಭವಾಗುತ್ತದೆ. ನಾನು ಅಡಿಗೆಮನೆಯ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕುತ್ತಾ ಹೋದೆ. ಮಕ್ಕಳ ಎತ್ತರ ಅಳೆದ ಗೆರೆಗಳ ಪಕ್ಕದಲ್ಲೇ.

ಎಂಟನೇ ವಾರದ ನಂತರ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಹೆಬ್ಬೆರಳು ಮೇಲಿರುವಂತೆ, ಕೈಯನ್ನು ನೇರ ಪಕ್ಕಕ್ಕಲ್ಲ, ತುಸು ಮುಂದಕ್ಕೆ ಓರೆಯಾಗಿ ಭುಜದ ಮಟ್ಟದವರೆಗೆ ಎತ್ತಿ. ಹೆಬ್ಬೆರಳು ನೆಲಕ್ಕೆ ತಿರುಗಿಸಿ ಎತ್ತುವುದನ್ನು ಕೆಲವು ಜಿಮ್ಮುಗಳಲ್ಲಿ ಈಗಲೂ ಮಾಡಿಸುತ್ತಾರೆ. ನೋವಿನ ಭುಜಕ್ಕೆ ಅದು ಬೇಡ.

ಮೊದಲ ನಾಲ್ಕು ವಾರ ಏನೂ ಆಗುತ್ತಿಲ್ಲವೆಂದು ಅನ್ನಿಸಿ ಬಿಟ್ಟುಬಿಡುವವರೇ ಹೆಚ್ಚು. ಹುರಿಗೆ ರಕ್ತ ಸಂಚಾರ ಕಡಿಮೆ, ಅದು ನಿಧಾನಕ್ಕೆ ಬಲಿಯುತ್ತದೆ. ಫ್ರೋಜನ್ ಶೋಲ್ಡರ್‌ನ ಮೊದಲ, ನೋವಿನ ಘಟ್ಟದಲ್ಲಿರುವವರು ಮಾತ್ರ ಹಠಕ್ಕೆ ಬೀಳಬಾರದು. ಆಗ ಜಗ್ಗಿ ಎಳೆದರೆ ಊತ ಹೆಚ್ಚುತ್ತದೆ.

ಏಳು: ಇಂಜೆಕ್ಷನ್, ಆಪರೇಷನ್

ನೋವಿನಿಂದ ವ್ಯಾಯಾಮವೇ ಮಾಡಲಾಗದವರಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಬಿಡುವು ಕೊಡುತ್ತದೆ. ಫ್ರೋಜನ್ ಶೋಲ್ಡರ್‌ನ ಆರಂಭದಲ್ಲಿ ಅದರ ಉಪಯೋಗ ಚೆನ್ನಾಗಿದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡದಿದ್ದರೆ ಸೂಜಿ ವ್ಯರ್ಥ. ಪದೇಪದೇ ಚುಚ್ಚಿಸಿಕೊಂಡರೆ ಹುರಿಯೇ ದುರ್ಬಲವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಡಾಕ್ಟರಿಗೆ ತಿಳಿಸಿ, ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನೋಡಿಕೊಳ್ಳುತ್ತಿರಿ.

‘ಮೂಳೆ ಬೆಳೆದು ಉಜ್ಜುತ್ತಿದೆ, ಕೆರೆದು ತೆಗೆದುಬಿಡೋಣ’ ಎಂದು ಹೇಳುವ ಆಪರೇಷನ್ ಬಗ್ಗೆ ಎರಡು ಸಲ ಯೋಚಿಸಿ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಕೆಲವರಿಗೆ ಮೂಳೆ ಕೆರೆದರು, ಕೆಲವರಿಗೆ ಕ್ಯಾಮೆರಾ ಕೊಳವೆ ಹಾಕಿ ನೋಡಿ ಏನೂ ಮಾಡದೆ ತೆಗೆದರು. ಆರು ತಿಂಗಳ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಇದ್ದವು.

ಪೆಟ್ಟಿನಿಂದ ಹರಿದ ಹುರಿಯನ್ನು ಹೊಲಿಯುವ ಮಾತೇ ಬೇರೆ. ಅಲ್ಲಿ ಆಪರೇಷನ್ನಿಗೆ ಗಟ್ಟಿ ಕಾರಣವಿದೆ. ಕೀಹೋಲ್ ಮೂಲಕ ಸಣ್ಣ ಮೊಳೆಗಳಂಥ ಆ್ಯಂಕರ್ ಹಾಕಿ ಹುರಿಯನ್ನು ಮತ್ತೆ ಮೂಳೆಗೆ ಕಟ್ಟುತ್ತಾರೆ. ನಾಲ್ಕರಿಂದ ಆರು ವಾರ ಸ್ಲಿಂಗ್, ಸುಮಾರು ಮೂರು ತಿಂಗಳ ಮೇಲೆ ಬಲದ ವ್ಯಾಯಾಮ, ಭಾರದ ಕೆಲಸಕ್ಕೆ ಆರು ತಿಂಗಳಾದರೂ ಬೇಕು. ಸಿಗರೇಟು ಸೇದುವವರಲ್ಲಿ ಹೊಲಿಗೆ ಕೂಡಿಕೊಳ್ಳುವುದು ಕಷ್ಟ. ನಮ್ಮೂರಿನ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿ ಪೂರ್ತಿ ಕಳೆದುಕೊಂಡರು. ಆಮೇಲೆ ಮರಳಿ ಬಂದು 619 ಟೆಸ್ಟ್ ವಿಕೆಟ್‌ಗೆ ಮುಗಿಸಿದರು. ಅವರಿಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿದಿತ್ತು ಎನ್ನುವುದನ್ನು, ಆರು ವಾರಕ್ಕೇ ಸ್ಕೂಟರ್ ಕೀ ಹುಡುಕುವವರು ನೆನಪಿಡಬೇಕು.

ಎಂಟು: ಮತ್ತೆ ಭಾರ ಹೊರುವಾಗ

ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲ 14.2 ಕೆಜಿ, ಕಬ್ಬಿಣ ಸೇರಿದರೆ ಸುಮಾರು 30 ಕೆಜಿ. ಅದನ್ನು ಎತ್ತಬೇಡಿ, ಬುಡದ ಅಂಚಿನ ಮೇಲೆ ಓರೆ ಮಾಡಿ ಉರುಳಿಸಿ, ಇಲ್ಲವೇ ಚಕ್ರದ ಸ್ಟ್ಯಾಂಡ್ ತನ್ನಿ. 20 ಲೀಟರಿನ ನೀರಿನ ಕ್ಯಾನನ್ನು ಎತ್ತಿ ಬೋರಲು ಹಾಕುವುದು ಭುಜ ನೋವಿನವರಿಗೆ ದೊಡ್ಡ ಶತ್ರು. ಕ್ಯಾನಿನ ಬಾಯಿಗೆ ಸಿಕ್ಕಿಸುವ ಚಾರ್ಜಿಂಗ್ ಪಂಪ್ ಸಿಗುತ್ತದೆ, ಕ್ಯಾನ್ ನೆಲದ ಮೇಲೇ ಇರಲಿ. ಏನನ್ನು ಎತ್ತಿದರೂ ಮೈಗೆ ತಗುಲಿಸಿ ಎತ್ತಿ. ಒಂದು ಕೆಜಿ ತರಕಾರಿ ಚೀಲವೂ ಕೈ ಚಾಚಿ ಹಿಡಿದಾಗ ಭುಜಕ್ಕೆ ಅದರ ಹಲವು ಪಟ್ಟು ಭಾರ.

ಸ್ಕೂಟರ್ ಓಡಿಸಲು ಎರಡು ಪರೀಕ್ಷೆ: ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಲು ಆಗಬೇಕು, ದಿಢೀರ್ ಬ್ರೇಕಿನಲ್ಲಿ ಕೈ ತಡೆಯಬೇಕು. ನಮ್ಮ ರಸ್ತೆಯ ಗುಂಡಿಗಳನ್ನು ನೆನೆದರೆ ಮೂರನೆಯದನ್ನೂ ಸೇರಿಸಬಹುದು. ಬ್ಯಾಡ್ಮಿಂಟನ್‌ಗೆ ಮರಳುವವರು ಮೊದಲ ಎರಡು ವಾರ ಸೊಂಟದ ಮಟ್ಟದ ಹೊಡೆತಗಳಷ್ಟೇ ಆಡಿ, ಆಮೇಲೆ ತಲೆಯ ಮೇಲಿನ ಮೆಲ್ಲನೆಯ ಕ್ಲಿಯರ್, ಸ್ಮ್ಯಾಶ್ ಎಲ್ಲಕ್ಕಿಂತ ಕೊನೆಗೆ. ವಾರವಿಡೀ ಕೂತಿದ್ದು ಭಾನುವಾರ ಬೆಳಿಗ್ಗೆ ಮೂರು ಗಂಟೆ ಆಡುವವರ ಭುಜವೇ ಹೆಚ್ಚು ಕೈಕೊಡುವುದು. ಜಿಮ್ಮಿನಲ್ಲಿ ಕುತ್ತಿಗೆಯ ಹಿಂದಕ್ಕೆ ಬಾರ್ ಇಳಿಸುವ ವ್ಯಾಯಾಮವನ್ನು ನೋವು ಪೂರ್ತಿ ಹೋಗುವ ತನಕವಾದರೂ ಬಿಡಿ. ರಬ್ಬರ್ ಪಟ್ಟಿಯನ್ನು ನೋವು ಹೋದ ಮೇಲೂ ವಾರಕ್ಕೆ ಎರಡು ದಿನ ಎಳೆಯುತ್ತಿರಿ. ನನ್ನದು ಈಗಲೂ ಅಡಿಗೆಮನೆಯ ಕಿಟಕಿಗೇ ಕಟ್ಟಿದೆ, ಹಾಲು ಉಕ್ಕುವ ತನಕ ಹದಿನೈದು ಸಲ ಆಗುತ್ತದೆ.